ದಿನಸಿ ಚೀಲಕ್ಕೆ ಹೆಬ್ಬೆಟ್ಟು ಯಾಕೆ?

ಕುರುಬರಹಳ್ಳಿಯ ಬೈರಯ್ಯನವರಿಗೆ ಒಂದು ಕಣ್ಣಿನ ಪೊರೆ ತೆಗೆಸಿ ಇನ್ನೂ ವಾರ ಆಗಿರಲಿಲ್ಲ. ಆಪರೇಷನ್ ಆದ ಕಣ್ಣಿಗೆ ನೀಲಿ ಬಣ್ಣ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ, ಎದುರು ಮನೆಯ ನೀರಿನ ಡ್ರಮ್ಮನ್ನೂ ಅವರು ಹೊತ್ತುಗಟ್ಟಲೆ ನೋಡ್ತಾ ಕೂರ್ತಿದ್ರು. ಇನ್ನೊಂದು ಕಣ್ಣಲ್ಲಿ ಹಳೇ ಮಂಜು ಹಾಗೇ ಇತ್ತು. ಎರಡೂ ಸೇರಿ ಬೀದಿ ಅರ್ಧ ನಿಜ, ಅರ್ಧ ಕನಸು.

ಮನೇಲಿ ಇರೋದು ಬೈರಯ್ಯ, ಹೆಂಡತಿ ರಾಮಮ್ಮ, ಮಗ ಮತ್ತು ಸೊಸೆ ಮಾಲಾ. ಮಗ, ಸೊಸೆ ಇಬ್ರೂ ಬೆಳಿಗ್ಗೆ ಕೆಲಸಕ್ಕೆ ಹೋಗ್ತಾರೆ. ದಿನಸಿ ಸಾಮಾನನ್ನ ಮಾಲಾ ಆಫೀಸಿಂದಲೇ ಫೋನಲ್ಲಿ ಆರ್ಡರ್ ಮಾಡ್ತಾಳೆ. ಮನೇಲಿದ್ದೋರು ತಗೋತಾರೆ. ಈಗ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ?

ಅವತ್ತು ರಾಮಮ್ಮ ಮಹಾಲಕ್ಷ್ಮಿ ಲೇಔಟ್‌ಗೆ, ತಂಗಿ ಮನೆಗೆ ಹೊರಟಿದ್ರು. ಹೋಗೋ ಮುಂಚೆ ಗಂಡನ ಕಣ್ಣಿಗೆ ಡ್ರಾಪ್ಸ್ ಬಿಟ್ಟು, "ಸುಮ್ನೆ ಮಲಗಿರಿ, ಕಣ್ಣು ಉಜ್ಜಬೇಡಿ" ಅಂತ ಹೇಳಿ ಹೋದ್ರು.

ಮಧ್ಯಾಹ್ನದ ಬಿಸಿಲು ಕಿಟಕಿ ಪರದೆಯಲ್ಲಿ ಸೋಸಿ ಬರ್ತಿತ್ತು. ಮೇಲೆ ಫ್ಯಾನು ತಿರುಗ್ತಿತ್ತು. ಬೈರಯ್ಯ ವಯಸ್ಸಿನಲ್ಲಿದ್ದಾಗ ಮಗ್ಗದ ಕೆಲಸ ಮಾಡಿದೋರು. ನಿದ್ದೆ ಹತ್ತೋ ಹೊತ್ತಿಗೆ ಫ್ಯಾನಿನ ಸದ್ದೇ ಮಗ್ಗದ ಸದ್ದಾಯ್ತು. ಮಗ್ಗದಿಂದ ನೀಲಿ ಸೀರೆ ಇಳೀತಿದೆ, ಇಳೀತಾನೇ ಇದೆ. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಬೀದಿ ಉದ್ದಕ್ಕೂ ನೀರಿನ ಹಾಗೆ ಹರೀತಿದೆ. ಬೈರಯ್ಯ ಅದರ ಮೇಲೆ ಬರಿಗಾಲಲ್ಲಿ ನಡೀತಿದಾರೆ. ಕಾಲಿಗೆ ಎಷ್ಟು ತಂಪು!

"ಡೆಲಿವರಿ!"

ಬೈರಯ್ಯ ಎದ್ದು ಬಾಗಿಲು ತೆಗೆದ್ರು. ಗೇಟಿನ ಹತ್ರ ಹೆಲ್ಮೆಟ್ ಹಾಕ್ಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ, ಕೈಯಲ್ಲಿ ದೊಡ್ಡ ಚೀಲ.

"ದಿನಸಿ ಬಂದಿದೆ ಯಜಮಾನ್ರೇ."

"ಮಾಲಾ ಆರ್ಡರ್ ಮಾಡಿದ್ದಾಳಾ?"

"ಹೂಂ, ಮಾಲಾ ಮೇಡಂದೇ. ಆದ್ರೆ ಈಗ ಹೊಸ ರೂಲ್ಸು. ಸಾಮಾನು ತಗೊಳ್ಳೋರ ಐಡಿ ನೋಡ್ಬೇಕು. ನಿಮ್ಮ ಆಧಾರ್ ಕಾರ್ಡ್ ತನ್ನಿ."

ಬೈರಯ್ಯನಿಗೆ ಇನ್ನೂ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ಒಳಗೆ ಹೋಗಿ ಕಾರ್ಡ್ ತಂದು ಕೊಟ್ರು. ಆತ ಹಿಂದೆ ಮುಂದೆ ತಿರುಗಿಸಿ ಫೋಟೋ ತೆಗೆದು ವಾಪಸ್ ಕೊಟ್ಟ. ಆಮೇಲೆ ಜೇಬಿನಿಂದ ಒಂದು ಚಿಕ್ಕ ಮೆಷಿನ್ ತೆಗೆದು ಮುಂದೆ ಹಿಡಿದ.

"ಸಾಮಾನು ತಲುಪಿತು ಅಂತ ಒಂದು ಹೆಬ್ಬೆಟ್ಟು ಇಡಿ, ಅಷ್ಟೇ."

ಮೆಷಿನ್ನಲ್ಲಿ ಕೆಂಪು ದೀಪ ಹತ್ತಿತು. ಹೊಸ ಕಣ್ಣಿಗೆ ಆ ಕೆಂಪು ದಾಳಿಂಬೆ ಕಾಳಿನ ಹಾಗೆ ಕಂಡಿತು. ಬೈರಯ್ಯ ಹೆಬ್ಬೆಟ್ಟು ಇಟ್ರು. ಮೆಷಿನ್ ತಗೊಳ್ಳಲಿಲ್ಲ. "ಒರೆಸಿ ಇನ್ನೊಂದ್ಸಲ ಇಡಿ" ಅಂದ. ಇಟ್ರು. ಆಗಲೂ ತಗೊಳ್ಳಲಿಲ್ಲ. ನೂಲು ಹಿಡಿದು ಹಿಡಿದು ಆ ಬೆರಳಿನ ಗೆರೆಗಳೇ ಸವೆದು ಹೋಗಿದ್ವು.

ಅಷ್ಟರಲ್ಲಿ ಪಕ್ಕದ ಮನೆ ವರಲಕ್ಷ್ಮಿ ಒಣಗಿದ ಬಟ್ಟೆ ತೆಗೆಯೋಕೆ ಆಚೆ ಬಂದ್ರು. ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿದ್ರು.

"ಬೈರಣ್ಣ, ಯಾಕೆ ಹೆಬ್ಬೆಟ್ಟು ಕೊಡ್ತಿದೀರ? ಏನಪ್ಪಾ, ಯಾವ ಅಂಗಡಿಯವನು ನೀನು?"

"ನೆಟ್‌ವರ್ಕ್ ಇಲ್ಲ ಮೇಡಂ, ಮೂಲೆಗೆ ಹೋಗಿ ಬರ್ತೀನಿ" ಅಂತ ಆತ ಚೀಲ ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದ. ಮತ್ತೆ ಬರಲೇ ಇಲ್ಲ.

ವರಲಕ್ಷ್ಮಿ ಈ ಕಡೆ ಬಂದು ಚೀಲ ಬಿಚ್ಚಿದ್ರು. ಮೇಲೆ ಒಂದು ಉಪ್ಪಿನ ಪಾಕೆಟ್ಟು. ಕೆಳಗೆ ಬರೀ ಹಳೇ ಪೇಪರ್.

"ಪಾಪ, ಯಾರದೋ ಚೀಲ ಯಾರಿಗೋ ಕೊಟ್ಟಿರ್ಬೇಕು" ಅಂದ್ರು ಬೈರಯ್ಯ. "ಬಿಸಿಲಲ್ಲಿ ಸುತ್ತೋ ಜನ."

"ಹಳೇ ಪೇಪರ್ ಯಾರು ಆರ್ಡರ್ ಮಾಡ್ತಾರೆ ಬೈರಣ್ಣ? ಮೊದ್ಲು ಮಾಲಾಗೆ ಫೋನ್ ಮಾಡಿ."

ಮಾಲಾ ಫೋನಲ್ಲಿ, "ಮಾವ, ಇವತ್ತು ನಾನು ಏನೂ ಆರ್ಡರ್ ಮಾಡಿಲ್ಲ" ಅಂದಳು.

"ಅದ್ಹೇಗಾಗುತ್ತೆ? ನಿನ್ನ ಹೆಸರು ಹೇಳಿದ್ನಲ್ಲಮ್ಮಾ!"

ವರಲಕ್ಷ್ಮಿ ಮೆಲ್ಲಗೆ ಕೇಳಿದ್ರು. "ಹೆಸರು ಮೊದ್ಲು ಹೇಳಿದ್ದು ಅವನಾ, ನೀವಾ?"

"ನಾನೇ" ಅಂದ್ರು ಬೈರಯ್ಯ. ಆಮೇಲೆ ಹೋಗಿ ಕುರ್ಚಿ ಮೇಲೆ ಕೂತ್ರು.

"ಆದ್ರೂ," ಅಂದ್ರು, "ಹೆಬ್ಬೆಟ್ಟಿಟ್ರೆ ಏನಾಗುತ್ತೆ? ರೇಷನ್ ಅಂಗಡೀಲಿ ಇಡಲ್ವಾ?"

"ಅಲ್ಲಿಗೆ ನಾವಾಗಿ ಹೋಗ್ತೀವಿ. ಅಂಗಡಿ ಗೊತ್ತು, ಅಂಗಡಿಯವನೂ ಗೊತ್ತು. ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಕೇಳೋನು ಯಾರು? ನಮ್ಮ ಮಹಿಳಾ ಸಂಘಕ್ಕೆ ಬ್ಯಾಂಕಿನೋರು ಬಂದು ಹೇಳಿದ್ರು. ಆಧಾರ್ ನಂಬರ್ರು, ಹೆಬ್ಬೆಟ್ಟು ಎರಡೂ ಸಿಕ್ರೆ, ಆಧಾರ್‌ಗೆ ಸೇರಿಸಿರೋ ಅಕೌಂಟಿಂದ ದುಡ್ಡು ತೆಗೀಬಹುದಂತೆ. ಗುರುತು ಕೇಳಿದ್ದೆಲ್ಲ ಮೋಸ ಅಂತಲ್ಲ. ನಾವೇ ತರಿಸಿದ ಸಾಮಾನು ಅಂತ ಖಾತ್ರಿ ಮಾಡ್ಕೊಂಡು, ಬೇಕೇ ಬೇಕು ಅಂದ್ರೆ ಕಾರ್ಡನ್ನ ನಮ್ಮ ಕೈಯಲ್ಲೇ ಹಿಡ್ಕೊಂಡು ತೋರಿಸ್ಬೇಕು. ಫೋಟೋ ತೆಗೆಯೋಕೆ ಬಿಡ್ಬಾರ್ದು. ಹೆಬ್ಬೆಟ್ಟಂತೂ ಬೇಡವೇ ಬೇಡ."

ಬೈರಯ್ಯ ನೆಲ ನೋಡ್ತಾ ಅಂದ್ರು, "ರಾಮಮ್ಮಂಗೆ ಹೇಳ್ಬೇಡಮ್ಮಾ."

"ಹೇಳ್ಬೇಕು ಬೈರಣ್ಣ. ನಾವು ನಾಚ್ಕೊಂಡು ಸುಮ್ನೆ ಕೂತ್ರೆ, ಅವ್ರಿಗೆ ಕೆಲಸ ಮುಗಿಸೋಕೆ ಟೈಮ್ ಸಿಗುತ್ತೆ."

ವರಲಕ್ಷ್ಮಿ ಅಲ್ಲೇ ನಿಂತು 1930ಕ್ಕೆ ಫೋನ್ ಮಾಡಿಸಿದ್ರು. ಆನ್‌ಲೈನ್ ಮೋಸ ಆದಾಗ ದೂರು ಕೊಡೋ ನಂಬರ್ ಅದು. ಬೈರಯ್ಯ ನಡೆದಿದ್ದನ್ನ ನಡೆದ ಹಾಗೇ ಹೇಳಿದ್ರು. ಪಾಸ್‌ಬುಕ್ ತೆಗೆದು, ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿ ಬ್ಯಾಂಕಿಗೂ ತಿಳಿಸಿದ್ರು. ಸದ್ಯಕ್ಕೆ ಯಾವ ದುಡ್ಡೂ ಹೋಗಿಲ್ಲ ಅಂದ್ರು ಬ್ಯಾಂಕಿನೋರು.

ಮಾಲಾ ಅರ್ಧ ದಿನ ರಜೆ ಹಾಕಿ ಓಡಿ ಬಂದಳು. ಮಾವನ ಫೋನಲ್ಲಿ ಆಧಾರ್ ಆ್ಯಪ್ ತೆಗೆದು, ಬಂದ ಓಟಿಪಿಯನ್ನ ತಾನೇ ನೋಡಿ ಹಾಕಿದಳು. ಕಾರ್ಡನ್ನ ಎಲ್ಲೆಲ್ಲಿ ಬಳಸಿದ್ದಾರೆ ಅಂತ ಅದರಲ್ಲಿ ನೋಡಬಹುದು.

"ಇಲ್ನೋಡಿ ಮಾವ. ಇವತ್ತು ಮಧ್ಯಾಹ್ನ ಬೆರಳಚ್ಚು ಹಾಕಿ ನೋಡಿದ್ದಾರೆ. ಎರಡು ಸಲವೂ ಫೇಲ್ ಆಗಿದೆ."

ಅಷ್ಟು ಹೊತ್ತೂ ಬೈರಯ್ಯನ ಮನಸ್ಸಿನ ಮೂಲೇಲಿ 'ಮೋಸ ಇರಲಿಕ್ಕಿಲ್ಲ' ಅನ್ನೋದೊಂದು ಉಳ್ಕೊಂಡಿತ್ತು. ಈಗ ಅದೂ ಹೋಯ್ತು. ಅವರು ತಮ್ಮ ಹೆಬ್ಬೆರಳನ್ನ ಹೊಸ ಕಣ್ಣಿನ ಹತ್ರ ತಂದು ನೋಡಿದ್ರು. ಹೊಳೆ ಕಲ್ಲಿನ ಹಾಗೆ ನುಣುಪಾಗಿತ್ತು. ಅದನ್ನ ನೋಡ್ತಾ ನೋಡ್ತಾ ಅವರ ಕಣ್ಣು ತುಂಬಿ ಬಂತು.

"ಉಜ್ಜಬೇಡಿ ಮಾವ" ಅಂತ ಮಾಲಾ ಹತ್ತಿ ಬಟ್ಟೆಯಲ್ಲಿ ಕೆನ್ನೆ ಒರೆಸಿದಳು. "ಎಲ್ಲ ಸಲವೂ ಸವೆದ ಬೆರಳು ಕಾಪಾಡಲ್ಲ. ಬನ್ನಿ, ಬೀಗ ಹಾಕೋಣ."

ಆ ಆ್ಯಪಿನಲ್ಲೇ ಅವಳು ಮಾವನ ಬೆರಳಚ್ಚಿಗೆ ಬೀಗ ಹಾಕಿದಳು. ಇನ್ಮೇಲೆ ಯಾರೂ ಅದನ್ನ ಬಳಸೋಕಾಗಲ್ಲ. ರೇಷನ್ ತರೋ ದಿನ ತೆಗೆದು, ಮತ್ತೆ ಹಾಕಿದ್ರಾಯ್ತು.

ಸಂಜೆ ರಾಮಮ್ಮ ಬಂದಾಗ ಬೈರಯ್ಯ ತಾವೇ ಹೇಳಿದ್ರು, ಒಂದೂ ಬಿಡದೆ. ಬೈಗುಳ ಬೀಳುತ್ತೆ ಅಂತ ಕಾದ್ರು. ರಾಮಮ್ಮ ಚಪ್ಪಲಿ ಬಿಟ್ಟು, ಗಂಡನ ಪಕ್ಕ ಕೂತ್ರು.

"ನಾನಿದ್ದಿದ್ರೂ ಕೊಡ್ತಿದ್ದೆ ಕಣ್ರೀ. ಫ್ರೀ ಬಸ್ಸಲ್ಲಿ ತೋರಿಸಿ ತೋರಿಸಿ, ಕಾರ್ಡ್ ಅಂದ ತಕ್ಷಣ ಕೈ ತಾನಾಗೇ ಪರ್ಸಿಗೆ ಹೋಗುತ್ತೆ. ಮಾಲಾ, ನನ್ನದಕ್ಕೂ ಬೀಗ ಹಾಕಮ್ಮ."

ಮಾರನೇ ದಿನ ಗಂಡ ಹೆಂಡತಿ ಇಬ್ರೂ ಬ್ಯಾಂಕಿಗೆ ಹೋದ್ರು. ದುಡ್ಡು ಹೋಗಿರಲಿಲ್ಲ. ಹೆಬ್ಬೆಟ್ಟಿನ ಮೇಲೆ ದುಡ್ಡು ಕೊಡೋದನ್ನ ನಿಲ್ಲಿಸಿ ಅಂತ ಹೇಳಿ ಬಂದ್ರು.

ಸ್ವಲ್ಪ ದಿನದ ಮೇಲೆ ಇನ್ನೊಂದು ಡೆಲಿವರಿ ಬಂತು. ಈ ಸಲ ಒಬ್ಬ ಹೆಣ್ಣುಮಗಳು, ಗಾಡಿ ತುಂಬ ಚೀಲ. ಬೈರಯ್ಯ ಗೇಟು ತೆಗೀಲಿಲ್ಲ.

"ಯಾರ ಹೆಸರಿಗೆ ಬಂದಿದೆಯಮ್ಮಾ? ನೀನೇ ಹೇಳು."

"ಮಾಲಾ ಅಂತ ಇದೆ ತಾತ. ಡೆಲಿವರಿ ಕೋಡ್ ಹೇಳಿ."

"ಒಂದ್ನಿಮಿಷ ಇರು." ಮಾಲಾಗೆ ಫೋನ್ ಮಾಡಿದ್ರು. ಆರ್ಡರ್ ನಿಜ. ಬೈರಯ್ಯ ಸಾಮಾನು ನೋಡಿ ತಗೊಂಡ್ರು, ಆಮೇಲೆ ಮಾಲಾ ಕೊಟ್ಟ ಕೋಡ್ ಹೇಳಿದ್ರು.

"ನಿನ್ನ ಕಾಯಿಸಿಬಿಟ್ಟೆ. ಬೇಜಾರು ಮಾಡ್ಕೋಬೇಡಮ್ಮಾ."

"ಬೇಜಾರ್ಯಾಕೆ ತಾತ? ನೀವು ಕೇಳಿದ್ದೇ ಒಳ್ಳೇದು. ಯಾವನೋ ಮಾಡೋ ಮೋಸಕ್ಕೆ ಜನ ನಮ್ಮನ್ನೂ ಅನುಮಾನದಿಂದ ನೋಡ್ತಾರೆ." ಅವಳು ನಕ್ಕು ಗಾಡಿ ಹತ್ತಿದಳು. ಅವಳ ನೀಲಿ ಅಂಗಿ ಬಿಸಿಲಲ್ಲಿ ತೇಲ್ತಾ ತೇಲ್ತಾ ಬೀದಿ ಕೊನೆಗೆ ಹೋಗಿ ಮರೆಯಾಯ್ತು.

ಕೇಳ್ತಿರೋ ಅಕ್ಕ, ಅಣ್ಣ, ಅಜ್ಜ, ಅಜ್ಜಿ, ನಿಮ್ಮ ಮನೆಗೂ ಸಾಮಾನು ಬರುತ್ತೆ. ಬಂದೋರು ಕಾರ್ಡ್ ಕೇಳಿದ್ರೆ ತಕ್ಷಣ ಒಳಗೆ ಓಡಬೇಡಿ. ಆರ್ಡರ್ ಮಾಡಿದೋರಿಗೆ ಮೊದಲು ಫೋನ್ ಮಾಡಿ. ಕಾರ್ಡಿನ ಫೋಟೋ ತೆಗೆಯೋಕೆ ಬಿಡಬೇಡಿ, ಬಾಗಿಲಲ್ಲಿ ಹೆಬ್ಬೆಟ್ಟು ಕೊಡಬೇಡಿ. ನೀವು ತರಿಸದೇ ಇರೋ ಸಾಮಾನಿಗೆ ಯಾವ ಓಟಿಪಿಯನ್ನೂ ಹೇಳಬೇಡಿ. ಮೋಸ ಆಯ್ತು ಅನ್ನಿಸಿದ್ರೆ ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬಾಗಿಲಲ್ಲಿ ನಿಂತೋರು ಎಷ್ಟೇ ಆತುರ ಮಾಡಲಿ, ನೀವು ನಿಧಾನವಾಗಿ ವಿಚಾರಿಸಿ. ಒಂದು ಫೋನ್ ಮಾಡೋ ಹೊತ್ತಿಗೆ ಹಾಲು ಕೂಡ ಒಡೆಯಲ್ಲ.