ಮುಡುಪು ಬಿಚ್ಚೋ ದಿನ

ಒಂದಾನೊಂದು ಓಣಿಯಲ್ಲಿ ಏಳು ಮನೆಗಳಿದ್ದವಂತೆ. ಮೊದಲನೇ ಮನೆಯಾಕಿ ಸಾರಿಗೆ ಉಪ್ಪಿಲ್ಲವೆಂದು ಎರಡನೇ ಮನೆಯಿಂದ ಒಂದು ಹಿಡಿ ಕಡ ತಂದಳು. ಎರಡನೇ ಮನೆಯವರು ವಾಪಸು ಕೇಳಿದಾಗ ಮೂರನೇ ಮನೆಯಿಂದ ಒಂದೂವರೆ ಹಿಡಿ ತಂದು ಒಂದು ಹಿಡಿ ತೀರಿಸಿದಳು, ಅರ್ಧ ಹಿಡಿ ಸಾರಿಗೆ ಹಾಕಿದಳು. ಮೂರನೇಯವರಿಗೆ ತೀರಿಸಲು ನಾಲ್ಕನೇ ಮನೆಯ ಬಾಗಿಲು ತಟ್ಟಿದಳು...

ನಾನು ಯಾವತ್ತೂ ನಾಲ್ಕನೇ ಮನೆಗೇ ನಿದ್ದೆ ಹೋಗುತ್ತಿದ್ದೆ. ಮಾನ್ವಿಯ ನಮ್ಮ ಪಡಸಾಲೆಯಲ್ಲಿ ಅಜ್ಜಿ ಬತ್ತಿ ಹೊಸೆಯುತ್ತ ಈ ಕಥೆ ಹೇಳುತ್ತಿದ್ದಳು. ನಿದ್ದೆಗಣ್ಣಿನಲ್ಲಿ ನನಗೆ ಆ ಓಣಿ ಮುಗಿಯುತ್ತಲೇ ಇರಲಿಲ್ಲ. ಎಂಟನೇ ಮನೆ, ಒಂಬತ್ತನೇ ಮನೆ, ಹಾಲಿನಂಥ ಬೆಳದಿಂಗಳು, ಪ್ರತಿ ಬಾಗಿಲಲ್ಲೂ ತುಂಬಿದ ಉಪ್ಪಿನ ಗಡಿಗೆ ಹಿಡಿದು ನಿಂತ ಹೆಂಗಸರು. ದೊಡ್ಡವಳಾದ ಮೇಲೂ ನಾನು ಅದೇ ಓಣಿಯಲ್ಲೇ ಬದುಕಿದೆ.

ನನಗೀಗ ಇಪ್ಪತ್ತೇಳು. ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಐದನೇ ಇಯತ್ತೆಗೆ ಗಣಿತ ಕಲಿಸುತ್ತೇನೆ. ಪಗಾರ ಹದಿನಾರು ಸಾವಿರ. ಕಂತಿನ ಮೇಲೆ ಫೋನು ತೊಗೊಂಡೆ. ಕಂತು ತುಂಬಲು ಆ ಫೋನಿನಲ್ಲೇ ಸಿಗುವ ಸಾಲದ ಆ್ಯಪಿನಿಂದ ಎತ್ತಿದೆ. ಆ್ಯಪಿಗೆ ಕಟ್ಟಲು ಸ್ಟಾಫ್ ರೂಮಿನ ಚೀಟಿಯನ್ನು ಎರಡನೇ ತಿಂಗಳಿಗೇ ಕೂಗಿಕೊಂಡೆ. ಅದು ಸಾಲದಾದಾಗ ಇನ್ನೊಂದು ಆ್ಯಪು. ಪ್ರತಿ ಸಲವೂ ಅರ್ಧ ಹಿಡಿ ಸಾರಿಗೆ ಉಳಿಯುತ್ತಿತ್ತು: ಒಂದು ಇಳಕಲ್ ಸೀರೆ, ಗೆಳತಿಯ ಮದುವೆಗೆ ಬೆಳ್ಳಿ ದೀಪ, ಸುಮ್ಮನೆ ಒಂದು ಹಂಪಿ ಟ್ರಿಪ್ಪು.

ಕಳೆದ ಆಷಾಢದಲ್ಲಿ ಆ್ಯಪಿನವನೊಬ್ಬ ಫೋನು ಮಾಡಿ, "ನಿಮ್ಮ ಫೋನಿನ್ಯಾಗಿರೋ ಎಲ್ಲಾ ನಂಬರಿಗೂ ನಿಮ್ಮ ಫೋಟೋ ಕಳಸ್ತೀವಿ ಮೇಡಂ, ಕೆಳಗ ಕಳ್ಳಿ ಅಂತ ಬರದು" ಅಂದ. ಆ ನಂಬರುಗಳಲ್ಲಿ ಹೆಡ್‌ಮಾಸ್ತರರದಿತ್ತು, ಮಕ್ಕಳ ತಾಯಂದಿರದಿತ್ತು, ಅಜ್ಜಿಯದೂ ಇತ್ತು. ಶನಿವಾರ ಸಂಜೆ ಮಾನ್ವಿಗೆ ಹೋದೆ. ಮರುದಿನ ಅಜ್ಜಿ ಬಚ್ಚಲಿಗೆ ಹೋದಾಗ ದೇವರ ಮನೆಗೆ ನುಗ್ಗಿ, ಸ್ನಾನವೂ ಇಲ್ಲದ ಕೈಯಿಂದ, ತಿಮ್ಮಪ್ಪನ ಮುಡುಪು ಬಿಚ್ಚಿದೆ.

ಆ ಮುಡುಪು ನನ್ನದೇ. ಅವ್ವ ತೀರಿದ ವರ್ಷ, ಆರರ ಪ್ರಾಯದ ನನಗೆ ಜ್ವರ ನೆತ್ತಿಗೇರಿ ಡಾಕ್ಟರು ಕೈಚೆಲ್ಲಿದಾಗ ಅಜ್ಜಿ ಅರಿಷಿಣದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ಬೇಡಿಕೊಂಡಿದ್ದಳಂತೆ. ನಾನು ಉಳಿದೆ. ಅಂದಿನಿಂದ ಹೂಬತ್ತಿ, ಗೆಜ್ಜೆವಸ್ತ್ರ ಮಾಡಿ ಮಾರಿದ ರೊಕ್ಕ ಐನೂರಾದ ಕೂಡಲೇ ಒಂದು ನೋಟು ಮಾಡಿಸಿ, ಗಂಟು ಬಿಚ್ಚದೆ ಸಂದಿಯಿಂದ ಒಳಗೆ ತುರುಕುತ್ತಿದ್ದಳು. ಬಾಗಿಲ ಹಿಂದೆ ಸುಣ್ಣದಲ್ಲಿ ಒಂದು ಗೆರೆ. ವರ್ಷಕ್ಕೆ ಎರಡು ಗೆರೆ, ಅಪರೂಪಕ್ಕೆ ಮೂರು. ಗಂಟು ಬಿಚ್ಚುವುದು ಬೆಟ್ಟದ ಮೇಲೆ, ಹುಂಡಿಯ ಮುಂದೆ ಮಾತ್ರ. ಮುಡುಪನ್ನು ಯಾರೂ ಬಿಚ್ಚುವುದಿಲ್ಲವಾದ್ದರಿಂದಲೇ ಕಳ್ಳಿಗೆ ಅಷ್ಟು ಸಲೀಸಾದ ಜಾಗ ಇನ್ನೊಂದಿರಲಿಲ್ಲ.

ಬಿಚ್ಚಿದರೆ ಹೆಚ್ಚಿನವು ಹಳೇ ಐನೂರರ ನೋಟು. ನೋಟು ರದ್ದಾದ ವರ್ಷ ಊರೆಲ್ಲ ಬ್ಯಾಂಕಿನ ಮುಂದೆ ನಿಂತಿತ್ತು. ಅಜ್ಜಿಯೊಬ್ಬಳೇ ನಿಂತಿರಲಿಲ್ಲ. "ದೇವರ ರೊಕ್ಕ ಬಂದ್ ಮಾಡ್ಲಿಕ್ಕೆ ಇವರ‍್ಯಾರು?" ಅಂದಿದ್ದಳಂತೆ. ಸತ್ತ ನೋಟು ಇಪ್ಪತ್ತೆಂಟು, ಜೀವ ಇದ್ದದ್ದು ಹದಿನೆಂಟು. ಹದಿನೆಂಟನ್ನೂ ಎಳೆದುಕೊಂಡೆ. ಒಂಬತ್ತು ಸಾವಿರ. ಗಂಟು ದಪ್ಪ ಇದ್ದಂತೆಯೇ ಕಂಡಿತು. ಮತ್ತೆ ಕಟ್ಟಿ ಇಟ್ಟು, ಅಜ್ಜಿ ಕೊಟ್ಟ ಅವಲಕ್ಕಿ ತಿಂದು ಬಸ್ಸು ಹತ್ತಿದೆ. ರೊಕ್ಕ ತುಂಬಿದ ಮೇಲೆ ಆ್ಯಪಿನವ ಸುಮ್ಮನಾದ.

ದೀಪಾವಳಿಗೆ ಅಜ್ಜಿಯ ಫೋನು ಬಂತು.

"ಮಾರ್ಗಶಿರದಾಗ ಬಾಜೂಮನಿ ರಾಧಾ ಗಾಡಿ ಮಾಡ್ಯಾಳ, ತಿರುಪತಿಗೆ. ನನಗೂ ಒಂದು ಸೀಟು ಹಿಡದಾಳ. ಹಳೇ ನೋಟು ಹುಂಡಿಗೂ ನಡ್ಯಂಗಿಲ್ಲಂತಲ್ಲ, ಆಕೀನೇ ಅಂದ್ಲು. ನನಗ ಕಣ್ಣು ಕಾಣಂಗಿಲ್ಲ. ನೀ ಕಲತಾಕಿ, ಬಂದು ಮಡೀಲೆ ಬಿಚ್ಚಿ ಎಣಿಸಿ ಕೊಡು. ಹಳೇವೆಷ್ಟು, ಹೊಸವೆಷ್ಟು. ಹಳೇವಷ್ಟು ನಾ ತುಂಬ್ತೀನಿ."

"ಬರ್ತೀನಜ್ಜಿ."

"ಮಾತು?"

"ಮಾತು."

ಒಂದು ಭಾನುವಾರ ಪೇಪರ್ ತಿದ್ದುವುದಿದೆ ಅಂದೆ. ಇನ್ನೊಂದು ಭಾನುವಾರ ಶಾಲೆಯ ಗ್ಯಾದರಿಂಗ್ ಅಂದೆ. ಮೂರನೇ ಸಲ ಸುಳ್ಳು ಹೇಳಲು ಬಾಯಿ ತೆರೆದರೆ ಅಜ್ಜಿಯೇ, "ಆತು ಬಿಡು, ಕೆಲಸ ಇರ್ತದ" ಅಂದುಬಿಟ್ಟಳು. ಹೊರಡಲು ಹತ್ತು ದಿನವಿತ್ತು. ಹದಿನೆಂಟು ನೋಟು ಹೇಗಾದರೂ ವಾಪಸು ತುಂಬಬೇಕಿತ್ತು. ಉಳಿದಿದ್ದದ್ದು ಒಂದೇ ಬಾಗಿಲು.

ದೇವದುರ್ಗದಲ್ಲಿ ನಾನು ಮೊದಲು ಕೆಲಸ ಮಾಡಿದಾಗ ಸುಗ್ರಾ ಬೇಗಂ ಸ್ಟಾಫ್ ರೂಮಿಗೆ ಸೀರೆ ಗಂಟು ಹೊತ್ತು ಬರುತ್ತಿದ್ದಳು. ಕಂತಿನ ವ್ಯಾಪಾರ. ಅವಳಿಗೆ ಆರು ಸಾವಿರದ ಎರಡು ನೂರು ಬಾಕಿ ಇಟ್ಟು ರಾಯಚೂರಿಗೆ ಬಂದವಳು ನಾನು. ಭಾನುವಾರ ಬೆಳಗಿನ ಬಸ್ಸಿಗೆ ಹೋದೆ.

"ಬರ‍್ರಿ ಬರ‍್ರಿ ಟೀಚರಮ್ಮ! ಇವತ್ತ ಸೂರ್ಯ ಯಾವ ಕಡಿ ಹುಟ್ಯಾನ? ನನ್ನ ನಂಬರ್ ಬ್ಲಾಕ್ ಮಾಡಿದಾಕಿ ಮನೀಗೇ ಬಂದಾಳ!"

"ಬ್ಲಾಕ್ ಅಲ್ಲ ಖಾಲಾ, ಫೋನು ಕೆಟ್ಟಿತ್ತು."

"ಹೌದೌದು. ಎಂಟು ತಿಂಗಳು ಕೆಟ್ಟಿತ್ತು." ಒಲೆಯ ಮೇಲೆ ಚಾ ಇಟ್ಟಳು. ನಾನು ಒಂಬತ್ತು ಸಾವಿರದ ಮಾತೆತ್ತಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. "ಕೊಡಾಕ ಬಂದಾಳ ಅಂತ ಚಾ ಇಟ್ಟೆ. ಈಕಿ ಒಯ್ಯಾಕ ಬಂದಾಳ! ಚಾ ಇಳಸ್ಲೇನು?"

ನಾನು ಅತ್ತೆ. ಅಳು ನನಗೆ ಬೇಗ ಬರುತ್ತದೆ. ಅದು ಸುಗ್ರಾ ಬೇಗಂಳಿಗೆ ಗೊತ್ತಿತ್ತು.

"ಅಳೋದು ಆಮ್ಯಾಲ. ಒಟ್ಟು ಎಷ್ಟೈತಿ ಸಾಲ?"

"ಒಂದು... ಐವತ್ತರ ಆಜೂಬಾಜು ಇರಬಹುದು."

"ಇರಬಹುದು! ಮಕ್ಕಳಿಗೆ ಲೆಕ್ಕ ಕಲಸ್ತೀಯಲ್ಲ ಬೇಟಿ, ಅವಕ್ಕೂ ಹಿಂಗ ಕಲಸ್ತೀ ಏನು? ಏಳೆಂಟ್ಲೆ ಐವತ್ತಾರು ಇರಬಹುದು ಅಂತ?" ಸೀರೆಯ ಡಬ್ಬಿಯ ರಟ್ಟು ಹರಿದು ಮುಂದೆ ಒಗೆದಳು. "ನನಗ ಸಹಿ ಮಾಡಾಕಷ್ಟ ಬರತೈತಿ. ಆದ್ರ ಯಾರ ಮನ್ಯಾಗ ನಂದು ಎಷ್ಟೈತಿ ಅಂತ ಹೆರಿಗಿ ಬ್ಯಾನ್ಯಾಗೂ ಹೇಳಿದಾಕಿ ನಾ. ಬರಿ. ಬಾಯಿಲೆ ಹೇಳಕೋಂತ ಬರಿ."

ಫೋನಿಂದು ಹನ್ನೊಂದು. ಎರಡು ಆ್ಯಪು ಸೇರಿ ಮೂವತ್ತೆಂಟು. ಬರೆಯುವಾಗ ನನ್ನ ಅಕ್ಷರ ನನ್ನದಲ್ಲವೆನ್ನಿಸಿತು. ಚೀಟಿಯದು ಇನ್ನೂ ಇಪ್ಪತ್ನಾಲ್ಕು. ಕೋಣೆಯ ಬಾಡಿಗೆ ಎರಡು ತಿಂಗಳದು ಏಳು.

"ನಂದ ಬಿಟ್ಟೀಯಲ್ಲ," ಅಂದಳು ಸುಗ್ರಾ ಬೇಗಂ.

ಅದನ್ನೂ ಬರೆದು ಕೂಡಿದೆ. ಎಂಬತ್ತಾರು ಸಾವಿರದ ಎರಡು ನೂರು. ಮತ್ತೊಮ್ಮೆ ಕೂಡಿದೆ. ಓಣಿಗೆ ಕೊನೆ ಇತ್ತು. ಅಲ್ಲಿ ಗೋಡೆ ಇತ್ತು.

ಆಮೇಲೆ ಪಗಾರ ಬರೆಸಿದಳು. ಅದರಲ್ಲಿ ಬಾಡಿಗೆ ತೆಗೆಸಿದಳು, ಚೀಟಿ ತೆಗೆಸಿದಳು, ಫೋನಿನ ಮತ್ತು ಆ್ಯಪಿನ ಕಂತು ತೆಗೆಸಿದಳು. "ಮಧ್ಯಾಹ್ನ ಏನು ಉಣ್ತಿ?" "ಹೊಟೇಲ್ನ್ಯಾಗ." "ಇನ್ನ ಡಬ್ಬಿ ಕಟ್ಟು. ಆಟೋ?" "ದಿನಾ." "ನಡಿ. ಕಾಲು ಕೊಟ್ಟಾನ ಅಲ್ಲಾ." ಹೀಗೆ ಕೊಯ್ದು ಕೊಯ್ದು ತಿಂಗಳಿಗೆ ಒಂದೂವರೆ ಸಾವಿರದಷ್ಟು ಉಳಿಸಿ, ಅದರಲ್ಲಿ ಐನೂರರ ಮೇಲೆ ಬೆರಳಿಟ್ಟಳು. "ಇದು ನಂದು. ಐದನೇ ತಾರೀಕು. ಆರನೇದಕ್ಕ ನಾ ನಿನ್ನ ಸಾಲಿ ಗೇಟಿನ ಮುಂದ ಸೀರಿ ಗಂಟು ಬಿಚ್ಚಿ ಕುಂತಿರ್ತೀನಿ."

"ಒಂಬತ್ತು ಸಾವಿರ ಖಾಲಾ..."

"ಇಲ್ಲ. ಕೊಟ್ರ ನಿನಗ ಚೊಲೋದಾಗಂಗಿಲ್ಲ ಅಂತಲ್ಲ. ನನಗ ವಾಪಸ್ ಬರಂಗಿಲ್ಲ ಅಂತ." ಚಾ ಮಾತ್ರ ಕೊಟ್ಟಳು. ಸಕ್ಕರೆ ಕಡಿಮೆ ಇತ್ತು.

ಸಿರವಾರದ ಮೇಲೆ ಹಾಯ್ದು ಮಾನ್ವಿಗೆ ಹೋಗುವ ಬಸ್ಸು ಹತ್ತಿದೆ. ಕಿಟಕಿಯಾಚೆ ಹತ್ತಿ ಬಿಡಿಸುವ ಹೆಂಗಸರು ಬೆಳ್ಳಗೆ ಗಂಟು ಕಟ್ಟುತ್ತಿದ್ದರು. ದಾರಿಯುದ್ದಕ್ಕೂ ಒಂದು ಉಪಾಯ ನನ್ನ ಜೊತೆ ಕೂತಿತ್ತು. ಗಂಟಿನಲ್ಲಿ ಇರುವುದೆಲ್ಲ ಹಳೇ ನೋಟೇ. ಎಲ್ಲವೂ ಹಳೇವಿದ್ದವು ಅಂದರೆ ಆಯಿತು. ಯಾವ ಗೆರೆ ಯಾವ ವರ್ಷದ್ದೆಂದು ಅಜ್ಜಿಗೆ ನೆನಪಿಲ್ಲ. ಆಮೇಲಿನವೂ, ಕಣ್ಣು ಮಂಜಾದವಳಿಗೆ ಯಾರೋ ಹಳೇದನ್ನೇ ದಾಟಿಸಿದರೆಂದುಕೊಳ್ಳುತ್ತಾಳೆ. ಸುಳ್ಳು ಕೂಡ ಅಲ್ಲ, ಅರ್ಧ ಸುಳ್ಳು.

ಅಜ್ಜಿ ಅಹಲ್ಯಾಬಾಯಿ, ಎಂಬತ್ತೊಂದರ ಮುದುಕಿ, ನನ್ನನ್ನು ನೋಡಿ ಹಿಗ್ಗಿ, "ಮದಲ ಸ್ನಾನ," ಅಂದಳು. ಮಡಿ ಸೀರೆ ಉಟ್ಟು ದೇವರ ಮುಂದೆ ಕೂತೆ. ಬಾಗಿಲು ಅರ್ಧ ಮುಚ್ಚಿ ಅದರ ಹಿಂದಿನ ಗೆರೆಗಳನ್ನು ಬೆರಳಿನಿಂದ ಸವರಿ ಎಣಿಸಿದಳು. "ನಲವತ್ತಾರು. ಬಿಚ್ಚು."

ಬಿಚ್ಚಿದೆ. ಆ ಬಣ್ಣಗೆಟ್ಟ ನೋಟುಗಳನ್ನು ಒಂದೊಂದಾಗಿ ಹರಡಿದೆ.

"ಹೊಸವೆಷ್ಟು?"

"ಎಲ್ಲಾ ಹಳೇವ ಅವ ಅಜ್ಜಿ."

"ಎಲ್ಲಾ?"

"ಎಲ್ಲಾ."

ಬೈಯುತ್ತಾಳೆ, ನೋಟು ಬಂದ್ ಮಾಡಿದವರಿಗೆ ಹಿಡಿಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ತನ್ನ ಎರಡೂ ಗಲ್ಲಗಳನ್ನು ಪಟಪಟ ಬಡಿದುಕೊಂಡಳು. "ನಂದ ತಪ್ಪು ತಂದೆ, ನಂದ ತಪ್ಪು. ಹಟ ಮಾಡಿ ಕೂತೆ. ಹೆಣದಂಥಾ ರೊಕ್ಕ ನಿನ್ನ ಮುಂದ ಇಟ್ಟು ದಿನಾ ದೀಪಾ ಹಚ್ಚಿದೆ." ಅಲ್ಲಿಂದಲೇ ಕೈಚಾಚಿ ಹತ್ತಿಯ ಬುಟ್ಟಿ ಎಳೆದುಕೊಂಡಳು. ಬೀಜ ಬಿಡಿಸಿದ ಎಳೆಯನ್ನು ತೊಡೆಯ ಮೇಲಿಟ್ಟು ಹೊಸೆಯತೊಡಗಿದಳು. ಸೊಟ್ಟಗಾದ ಬೆರಳಿಗೆ ಬತ್ತಿ ಸುತ್ತಿಕೊಳ್ಳುತ್ತಿರಲಿಲ್ಲ, ಬಿಚ್ಚಿ ಬಿಚ್ಚಿ ಬೀಳುತ್ತಿತ್ತು.

"ಏನ್ ಮಾಡ್ಲಿಕ್ಕತ್ತಿ ಅಜ್ಜಿ?"

"ಇಪ್ಪತ್ಮೂರು ಸಾವಿರ ಆಗಬೇಕಲ್ಲ."

ನಾನು ಲೆಕ್ಕದ ಟೀಚರು. ವರ್ಷಕ್ಕೆ ಎರಡು ಗೆರೆಯಂತೆ ಇಪ್ಪತ್ಮೂರು ವರ್ಷ. ಎಂಬತ್ತೊಂದಕ್ಕೆ ಕೂಡಿಸಿದೆ.

"ಹದಿನೆಂಟು ಹೊಸಾವಿದ್ವು," ಅಂದೆ. "ನಾನ ತೊಗೊಂಡೀನಿ. ಆಷಾಢದಾಗ. ನೀ ಬಚ್ಚಲಕ್ಕ ಹೋದಾಗ."

ಬತ್ತಿ ಹೊಸೆಯುವ ಕೈ ನಿಂತಿತು. ಅಜ್ಜಿ ಒಂದೇ ಮಾತು ಕೇಳಿದಳು.

"ಮಡೀಲೆ ಬಿಚ್ಚಿದ್ದೇನು?"

"ಇಲ್ಲ."

ಅವಳ ಮುಖ ಆಗ ಕಂದಿತು, ರೊಕ್ಕದ ಮಾತಿಗಲ್ಲ. ನಾನು ರಟ್ಟು ತೆಗೆದು ಎಲ್ಲ ಓದಿದೆ, ಫೋನು, ಆ್ಯಪು, ಚೀಟಿ, ಬಾಡಿಗೆ, ಸೀರೆ. ಕಾಲು ಹಿಡಿಯಹೋದರೆ ಅವಳು ಕಾಲು ಎಳೆದುಕೊಂಡಳು.

"ಕ್ಷಮಾ ಮಾಡಜ್ಜಿ."

"ನನ್ನ ರೊಕ್ಕ ಆಗಿದ್ರ ಮಾಡ್ತಿದ್ದೆ. ಇದು ಆತಂದು. ಮನ್ನಾ ಮಾಡ್ಲಿಕ್ಕೆ ನಾ ಯಾರು? ಆತ ತಾನ ಕುಬೇರನ ಸಾಲದಾಗ ಇದ್ದಾಂವ, ಬಡ್ಡಿ ಕಾಸಿನವ. ಸಾಲಗಾರನ ಮನೀಗೆ ಕನ್ನ ಹಾಕೀದಿ ನೀ." ಕಣ್ಣು ಒರೆಸಿಕೊಂಡಳು. "ಬರಿ ಅದರಾಗ. ಎಲ್ಲಾರ‍್ಕಿಂತ ಮ್ಯಾಲ ಬರಿ."

ಎಲ್ಲಕ್ಕಿಂತ ಮೇಲೆ, ಇಕ್ಕಟ್ಟಿನ ಜಾಗದಲ್ಲಿ ಬರೆದೆ: ತಿಮ್ಮಪ್ಪ, ಒಂಬತ್ತು ಸಾವಿರ. ಒಟ್ಟು ತೊಂಬತ್ತೈದು ಸಾವಿರದ ಎರಡು ನೂರು.

"ಹಳೇ ಹದಿನಾಲ್ಕು ಸಾವಿರ ನನ್ನ ಹಟದ್ದು," ಅಂದಳು ಅಜ್ಜಿ. "ಅದು ನನ್ನ ತಲೀ ಮ್ಯಾಲೆ. ಒಂಬತ್ತು ನಿನ್ನ ತಲೀ ಮ್ಯಾಲೆ. ರಾಧಾಗ ಹೇಳು, ನನ್ನ ಸೀಟು ಬ್ಯಾಡ ಅಂತ."

"ಒಂದೂವರಿ ವರ್ಷದಾಗ ತೀರಸ್ತೀನಿ. ಆಮ್ಯಾಲ ಇಬ್ರೂ ಹೋಗೋಣು."

"ನಾ ಇರ್ತೀನೋ ಇಲ್ಲೋ." ಸಿಟ್ಟಿನಿಂದ ಅಂದದ್ದಲ್ಲ, ಅವಳೂ ಲೆಕ್ಕವನ್ನೇ ಹೇಳಿದ್ದಳು.

ರಾಧಾಗೆ ನನ್ನ ಕಂತಿನ ಫೋನಿನಿಂದಲೇ ಹೇಳಿದೆ. ಆಮೇಲೆ, ಯಾಕೋ ಕೇಳಬೇಕೆನ್ನಿಸಿತು. "ಅಜ್ಜಿ, ಆ ಉಪ್ಪಿನ ಕಥಿ. ಏಳನೇ ಮನೀದೂ ಮುಗದ ಮ್ಯಾಲ ಆಕಿ ಏನ್ ಮಾಡಿದ್ಲು?"

"ಏನ್ ಮಾಡ್ತಾಳ? ಉಪ್ಪಿಲ್ಲದ ಸಾರು ಉಂಡ್ಲು. ಏಳೂ ಮನೀದು ತೀರೋತನಕಾ." ಹತ್ತಿಯ ಬುಟ್ಟಿಯನ್ನು ನನ್ನ ಕಡೆ ನೂಕಲಿಲ್ಲ, ತನ್ನ ಹತ್ತಿರವೇ ಎಳೆದುಕೊಂಡಳು. "ಕಥಿ ಸಾಕು. ಎಣಿಸಿ ಮುಗಸು. ಮಾತು ಕೊಟ್ಟೀದಿ."

ಹಳೇವನ್ನು ಒಂದೊಂದೇ ಎತ್ತಿ, ಗಟ್ಟಿಯಾಗಿ ಎಣಿಸಿದೆ. ಇಪ್ಪತ್ತೆಂಟು. ಮೊದಲಿಗೆ ಕಟ್ಟಿದ ಒಂದು ರೂಪಾಯಿಯ ಬಿಲ್ಲೆ ತಳದಲ್ಲಿ ಹಸಿರುಗಟ್ಟಿತ್ತು. ಅದನ್ನೂ ಎಣಿಸಿದೆ. ಹೊಸವು, ಇಲ್ಲ. ಬಾಗಿಲ ಹಿಂದೆ ಹೋಗಿ, ಅಜ್ಜಿ ಕಾಣದ ಕಣ್ಣಿನಿಂದ ನೋಡುತ್ತಿರುವಾಗ, ಕಡೆಯ ಹದಿನೆಂಟು ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದೆ.