ಹರಿಗೋಲು ಕಟ್ಟುವ ಜಾಗಕ್ಕೆ ಐದು ಲಕೋಟೆ

ಜರಗನಹಳ್ಳಿಯಾಚೆಯ ಕೆರೆಯಲ್ಲಿ ಹರಿಗೋಲು ಕಟ್ಟಲು ಗಟ್ಟಿನೆಲವಿದ್ದದ್ದು ಒಂದೇ ಕಡೆ. ಮಿಕ್ಕಿದ್ದೆಲ್ಲ ಮೊಣಕಾಲುದ್ದ ಕೆಸರು. ಆ ಜಾಗವನ್ನು ಪಂಚಾಯಿತಿಯವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಉಗ್ರಪ್ಪ ಎದ್ದು ನಿಂತು "ಮೂವತ್ತು ರೂಪಾಯಿ" ಅಂದರೆ ಮುಗಿಯಿತು, ಅವನ ಮೇಲೆ ಕೂಗುವ ಗಂಡಸು ಊರಲ್ಲಿರಲಿಲ್ಲ. ಆಮೇಲೆ ಅಲ್ಲಿ ಹರಿಗೋಲು ಕಟ್ಟುವವರೆಲ್ಲ ಹಿಡಿದ ಮೀನಿನಲ್ಲಿ ಅರ್ಧ ಅವನ ಬುಟ್ಟಿಗೆ ಸುರಿಯಬೇಕು. ಗಂಡ ಸತ್ತ ಮೇಲೆ ತಾನೇ ಹುಟ್ಟು ಹಿಡಿದ ಸೊಣ್ಣಮ್ಮನೂ ಐದು ವರ್ಷ ಸುರಿದಿದ್ದಳು.

ಎಪ್ಪತ್ತಾರನೇ ಇಸವಿಯಲ್ಲಿ ಪಂಚಾಯಿತಿಗೆ ಹೊಸ ಸೆಕ್ರೆಟರಿ ಗುರುಬಸಪ್ಪನವರು ಬಂದರು. "ಇನ್ನು ಕೂಗಾಟ ಬೇಡ. ರೇಟು ಬರೆದು, ಲಕೋಟೆ ಅಂಟಿಸಿ ಪೆಟ್ಟಿಗೆಗೆ ಹಾಕಿ. ಎಲ್ಲರ ಎದುರಿಗೇ ಒಡೀತೀನಿ" ಅಂದರು.

ಸೊಣ್ಣಮ್ಮ ಮೇಷ್ಟ್ರ ಹೆಂಡತಿಯ ಕೈಲಿ ಬರೆಸಿ ಹೆಬ್ಬೆಟ್ಟೊತ್ತಿದಳು. ಕೆರೆ ಏರಿ ಮೇಲಿನ ಗಂಗಮ್ಮನ ಪಾದದಲ್ಲಿ ಲಕೋಟೆಯಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಪೆಟ್ಟಿಗೆಗೆ ಹಾಕಿ ಬಂದಳು.

ಸೋಮವಾರ ಅರಳಿಕಟ್ಟೆಯ ಮುಂದೆ ಊರೇ ನೆರೆದಿತ್ತು. ಗುರುಬಸಪ್ಪನವರು ಷರತ್ತು ಓದಿದರು: "ಲಕೋಟೆ ಮೇಲೆ ಗುರುತಿದ್ದರೆ ತಿರಸ್ಕಾರ. ಒಡೆಯೋ ಮುಂಚೆ ಯಾರದ್ದು ಅಂತ ನನಗೂ ಗೊತ್ತಾಗಬಾರದು."

ಸೊಣ್ಣಮ್ಮ ಏರಿಯ ಕಡೆ ತಿರುಗಿದಳು. 'ತಾಯೀ, ನಿನ್ನ ಕುಂಕುಮಾನೇ ನನ್ನ ಹೊಟ್ಟೆ ಮೇಲೆ ಹೊಡೀತಲ್ಲವ್ವಾ!'

ಮೊದಲ ಲಕೋಟೆ ಹೊರಬಂತು. ಮೂಲೆಯಲ್ಲಿ ಕುಂಕುಮ. ಎರಡನೆಯದು. ಅದಕ್ಕೂ ಕುಂಕುಮ. ಮೂರು, ನಾಲ್ಕು, ಐದು. ಐದೂ ಕೆಂಪಗಿದ್ದವು.

"ಸಾಹೇಬ್ರೇ, ಗಂಗವ್ವಂಗೆ ಹೇಳ್ದೆ ಈ ಊರಾಗೆ ಎಮ್ಮೇನೂ ನೀರಿಗಿಳಿಯಾಕಿಲ್ಲ" ಅಂದ, ಲಕೋಟೆ ಹಾಕಿದವರಲ್ಲೊಬ್ಬನಾದ ಬೈಲಪ್ಪ. "ಉಗ್ರಣ್ಣ, ನೀನೂನಾ?"

"ಯಾಕ್ಲಾ, ನಾನೇನು ದೇವರಿಲ್ಲದೋನಾ?"

ಗುರುಬಸಪ್ಪನವರು ಐದನ್ನೂ ತಿರುಗಿಸಿ ನೋಡಿದರು. "ಎಲ್ಲಕ್ಕೂ ಒಂದೇ ಗುರುತು. ಯಾರದು ಯಾವುದು ಅಂತ ನನಗಂತೂ ತಿಳೀಲಿಲ್ಲ" ಅಂದವರು, ಯಾಕೋ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಲಕೋಟೆ ಒಡೆದರು.

ಒಂದೊಂದು ಚೀಟಿಯನ್ನೂ ಓದಿ ಜನರ ಕೈಗೆ ಕೊಟ್ಟರು. ಉಗ್ರಪ್ಪ, ಮೂವತ್ತು. ಇನ್ನು ಮೂವರದು ಅದಕ್ಕಿಂತ ಕಮ್ಮಿ. ಕೊನೆಗೆ, "ಸೊಣ್ಣಮ್ಮ, ಮೂವತ್ತಾರು."

"ನಲವತ್ತು!" ಉಗ್ರಪ್ಪ ಎದ್ದೇಬಿಟ್ಟ.

"ಕೂತ್ಕೊಳ್ಳಿ ಉಗ್ರಪ್ಪನವರೇ. ಪೆಟ್ಟಿಗೆ ಒಡೆದಾಯ್ತು."

ಉಗ್ರಪ್ಪ ಅವಳ ಚೀಟಿಯನ್ನು ಹಿಂದೆ ಮುಂದೆ ತಿರುವಿದ, ಗಂಗಮ್ಮನ ಗುಡಿಯ ಕಡೆ ಒಮ್ಮೆ ನೋಡಿದ. "ಸರಿಯಾಗೈತೆ" ಅಂದು ಪಕ್ಕದವನಿಗೆ ಕೊಟ್ಟು ಕೂತ.

ಐದು ಚೀಟಿಗಳನ್ನೂ ಪಂಚಾಯಿತಿ ಬಾಗಿಲಿಗೆ ಅಂಟಿಸಿದರು. ಜನ ಚದುರಿದ ಮೇಲೂ ಸೊಣ್ಣಮ್ಮ ಅಲ್ಲೇ ನಿಂತಿದ್ದಳು. ಓದಲು ಬಾರದು. ಆದರೆ ಊರಿಗೆಲ್ಲ ಕಾಣುವಂತೆ ಇದ್ದ ಆ ಹೆಬ್ಬೆಟ್ಟು ತನ್ನದೇ. ಅವಳ ಕೈಗಳು ತಾವಾಗಿ ಜೋಡಿಕೊಂಡವು.