ಹದಿನಾಲ್ಕು ದಿನದ ಮಾತ್ರೆ

ನಾನೂ ಅಕ್ಕನೂ ಒಂದೇ ಚಹಾ ಕಂಪನಿಯಲ್ಲಿ ರುಚಿ ನೋಡುವವರು. ಸಾಲು ಬಟ್ಟಲುಗಳಿಂದ ಚಮಚದಲ್ಲಿ ಸೊರ್ರನೆ ಹೀರಿ, ಉಗಿದು, ಯಾವ ತೋಟದ್ದು, ಎಂಥ ಎಲೆ ಎಂದು ಹೇಳಬೇಕು. ಮನೆಯಲ್ಲಿ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆಯುತ್ತೇನೆ, ಅದು ಬೇರೆ ಮಾತು.

ಅಮ್ಮ ಹೊಟ್ಟೆಯ ಕ್ಯಾನ್ಸರಿನಿಂದ ಹೋದ ಮೇಲೆ ಡಾಕ್ಟರು ನಮ್ಮಿಬ್ಬರಿಂದಲೂ ಚೀಲಕ್ಕೆ ಉಸಿರು ಊದಿಸಿ ಪರೀಕ್ಷೆ ಮಾಡಿದರು. ಇಬ್ಬರ ಹೊಟ್ಟೆಯಲ್ಲೂ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಒಂದೇ ಬ್ಯಾಕ್ಟೀರಿಯಾ. ನನ್ನದೋ ಕಲ್ಲು ತಿಂದು ಕರಗಿಸುವ ಹೊಟ್ಟೆ.

“ಏನೂ ತೊಂದ್ರೆ ಇಲ್ದೆ ಮಾತ್ರೆ ಯಾಕೆ ಡಾಕ್ಟ್ರೇ?”

“ತುಂಬಾ ಜನಕ್ಕೆ ಇದ್ರೂ ಏನೂ ಆಗಲ್ಲ. ಆದ್ರೆ ನಿಮ್ಮ ತಾಯಿಗೆ ಹಾಗಾಯ್ತಲ್ಲ, ತಗೊಳ್ಳೋದೇ ಒಳ್ಳೇದು. ಹದಿನಾಲ್ಕು ದಿನ. ಬಾಯಿರುಚಿ ಕೆಡಬಹುದು, ಆಮೇಲೆ ಸರಿಹೋಗುತ್ತೆ. ಅನುಕೂಲ ನೋಡ್ಕೊಂಡು ಶುರು ಮಾಡಿ.”

ಮುಂದೂಡೋಣ ಎಂದೆ. ಅಕ್ಕ ಕೇಳಲಿಲ್ಲ. “ಅಮ್ಮನ್ನ ನೋಡಿದ್ದು ಸಾಲದಾ ಪುಟ್ಟಿ? ಸೋಮವಾರ ಇಬ್ರೂ ಒಟ್ಟಿಗೆ ಶುರು ಮಾಡೋಣ,” ಎಂದು ಕಣ್ಣೊರೆಸಿಕೊಂಡಳು. ನಾನು ಕರಗಿಹೋದೆ. ಇಬ್ಬರೂ ರಜೆ ಹಾಕಿದೆವು.

ಮೂರನೇ ದಿನಕ್ಕೇ ನೀರು ಕುಡಿದರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. “ನಂಗೂ ಹಾಗೇ ಕಣೇ, ಥೂ!” ಎಂದು ಅಕ್ಕ ದಿನಾ ಫೋನಿನಲ್ಲಿ ಗೊಣಗುತ್ತಿದ್ದಳು.

ಹತ್ತನೇ ದಿನ ಕಂಪನಿಯ ಯಜಮಾನರು ಇಬ್ಬರನ್ನೂ ಕರೆಸಿ ಹನ್ನೆರಡು ಬಟ್ಟಲು ಇಟ್ಟರು. ಸರಿಯಾಗಿ ಹೇಳಿದವರಿಗೆ ನಮ್ಮ ವಿಭಾಗದ ಮುಖ್ಯಸ್ಥೆಯ ಕುರ್ಚಿ. ಎಂಟು ವರ್ಷದಿಂದ ನಾನು ಕಣ್ಣಿಟ್ಟಿದ್ದ ಕುರ್ಚಿ ಅದು. ನಾನು ಮೂರು ಹೇಳಿದೆ, ಅದೂ ಬಣ್ಣ ನೋಡಿ. ಅಕ್ಕ ಹನ್ನೆರಡನ್ನೂ ಪಟಪಟನೆ ಹೇಳಿದಳು.

“ಇವತ್ತು ಪರೀಕ್ಷೆ ಇದೆ ಅಂತ ಹದಿನೈದು ದಿನದ ಹಿಂದೇನೇ ನಿಮ್ಮಕ್ಕನ ಹತ್ರ ಹೇಳಿ ಕಳಿಸಿದ್ದೆನಲ್ಲಮ್ಮ, ಸ್ವಲ್ಪ ತಯಾರಾಗಬಾರದಿತ್ತಾ?” ಎಂದರು ಯಜಮಾನರು. ಅಕ್ಕನ ಕಡೆ ತಿರುಗಿ, “ನಾಳೆಯಿಂದ್ಲೇ ಬನ್ನಿ. ಇನ್ನು ಒಂದು ದಿನಾನೂ ನಿಮ್ಮ ನಾಲಿಗೆಗೆ ರಜೆ ಇಲ್ಲ,” ಎಂದು ನಕ್ಕು ಹೊರಟರು.

ಅಕ್ಕ ಒರೆಸಿದ ಚಮಚವನ್ನೇ ಒರೆಸುತ್ತಿದ್ದಳು. ಅವಳ ಕೈಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದೆ. ಮಾತ್ರೆಯ ಪಟ್ಟಿಗಳು ಬಿದ್ದವು. ಒಂದೂ ಒಡೆದಿರಲಿಲ್ಲ.

“ನಂಗೆ ನೋವೇ ಇಲ್ವಲ್ಲೇ... ಆಮೇಲೆ ತಗೊಂಡ್ರಾಯ್ತು ಅಂತ...”

ಕುರ್ಚಿ ಬೇಕಿದ್ದರೆ ಕೇಳಬಹುದಿತ್ತು. ಜಗಳವಾಡಿ, ಬೈದು, ಕೊನೆಗೆ ಬಿಟ್ಟುಕೊಡುತ್ತಿದ್ದೆನೋ ಏನೋ. ಸತ್ತ ಅಮ್ಮನನ್ನು ಮುಂದಿಟ್ಟುಕೊಂಡು, ನಂಬಿಸಿ ಕತ್ತು ಕೊಯ್ದಳು.

ನನ್ನ ಮಾತ್ರೆಯ ಹೊತ್ತಾಗಿತ್ತು. ಅವಳ ಎದುರೇ ನುಂಗಿದೆ.

“ಅಮ್ಮಂಗೂ ಕೊನೇ ಮೂರು ತಿಂಗಳು ಬರೋವರೆಗೂ ನೋವಿರಲಿಲ್ಲ,” ಎಂದೆ. “ನಾಳೆಯಿಂದ ಕುರ್ಚಿ ನಿಂದು. ಇನ್ಯಾವತ್ತು ನುಂಗ್ತೀಯಾ ಅಕ್ಕಾ?”